ಮಂಚದ ಮೇಲಿನ ಬಾವಲಿ

ನಮ್ಮ ಕಡೆ ಮುಸ್ಸಂಜೆಯಲ್ಲಿ ಬಾವಲಿಯೊಂದು ಮನೆಯೊಳಗೆ ಹೊಕ್ಕರೆ ಹಿರಿಯರು ಗಾಬರಿಯಾಗುತ್ತಾರೆ. ಪೊರಕೆ ಹಿಡಿದು ಅದನ್ನು ಹೊರಗೆ ಅಟ್ಟಿ, ದೇವರ ಮುಂದೆ ಒಂದು ದೀಪ ಹಚ್ಚಿದ ಮೇಲೆಯೇ ಸಮಾಧಾನ. ಚೀನೀಯರು ಇದೇ ಬಾವಲಿಯನ್ನು ಮದುಮಕ್ಕಳ ಮಂಚದ ಮೇಲೆ ಕೆತ್ತಿಸುತ್ತಿದ್ದರು. ಅದೂ ಒಂದಲ್ಲ, ಐದೈದು. ಕೆಲವೊಮ್ಮೆ ಬೇಕೆಂದೇ ತಲೆಕೆಳಗಾಗಿ.

ಕಾರಣ ಬಾವಲಿಯಲ್ಲಿಲ್ಲ, ಅದರ ಹೆಸರಿನಲ್ಲಿದೆ. ಚೀನೀ ಭಾಷೆಯಲ್ಲಿ ಬಾವಲಿಯ ಹೆಸರಿನಲ್ಲಿ ಬರುವ ‘ಫೂ’ ಎಂಬ ಉಚ್ಚಾರವೂ ಭಾಗ್ಯ ಎಂಬ ಅರ್ಥದ ‘ಫೂ’ ಎಂಬ ಉಚ್ಚಾರವೂ ಒಂದೇ. ಬರೆಯುವ ಅಕ್ಷರ ಬೇರೆ, ಕಿವಿಗೆ ಮಾತ್ರ ಒಂದೇ. ದಕ್ಷಿಣದ ಕ್ಯಾಂಟನೀಸ್ ನುಡಿಯಲ್ಲಿ ಎರಡೂ ‘ಫುಕ್’. ಆದ್ದರಿಂದ ಐದು ಬಾವಲಿ ಎಂದರೆ ಐದು ಭಾಗ್ಯ: ದೀರ್ಘಾಯುಷ್ಯ, ಸಂಪತ್ತು, ಆರೋಗ್ಯ, ಸದ್ಗುಣದ ಮೇಲಿನ ಪ್ರೀತಿ, ಕೊನೆಯದಾಗಿ ಆಯಸ್ಸು ತುಂಬಿ ಸಹಜವಾಗಿ ಬರುವ ಸಾವು. ನಮ್ಮವರು ಅನಾಯಾಸ ಮರಣ ಬೇಡಿಕೊಳ್ಳುವುದಿಲ್ಲವೇ, ಹಾಗೆ. ಇನ್ನು ತಲೆಕೆಳಗಾದ ಬಾವಲಿ. ‘ತಲೆಕೆಳಗಾಗು’ ಎಂಬ ಪದವೂ ‘ಬಂದು ತಲುಪು’ ಎಂಬ ಪದವೂ ಅವರಲ್ಲಿ ಒಂದೇ ಸದ್ದು, ‘ದಾವ್’. ಹೀಗಾಗಿ ತಲೆಕೆಳಗಾಗಿ ನೇತುಬಿದ್ದ ಬಾವಲಿ ಎಂದರೆ ಭಾಗ್ಯ ಮನೆಗೆ ಬಂತು ಎಂದು ಅರ್ಥ.

ಹಳೆಯ ಚೀನೀ ಮಂಚಗಳ ಕೆತ್ತನೆಯ ಬಗ್ಗೆ ಮಾತು ಬಂದಾಗಲೆಲ್ಲ ‘ಸಂಕೇತ’ ಎಂಬ ಪದ ಬಳಸುತ್ತೇವೆ. ನನಗೆ ಆ ಪದ ಸಾಲದು ಅನ್ನಿಸುತ್ತದೆ. ಕಮಲ ಪಾವಿತ್ರ್ಯದ ಸಂಕೇತ ಎನ್ನುವಾಗ ಹೂವಿನ ಗುಣಕ್ಕೂ ಅರ್ಥಕ್ಕೂ ಏನೋ ಸಂಬಂಧವಿರುತ್ತದೆ, ಭಾಷೆ ಬಾರದವನಿಗೂ ವಿವರಿಸಬಹುದು. ಇಲ್ಲಿರುವುದರಲ್ಲಿ ಬಹುಪಾಲು ಶ್ಲೇಷೆ. ಕಮಲಕ್ಕೆ ‘ಲಿಯೆನ್’ ಎಂಬ ಹೆಸರು, ‘ಎಡೆಬಿಡದೆ’ ಎಂಬುದಕ್ಕೂ ‘ಲಿಯೆನ್’. ಮೀನು ‘ಯೂ’, ಮಿಗುವಷ್ಟು ಇರುವುದೂ ‘ಯೂ’. ಕಮಲದ ಎಲೆಗಳ ನಡುವೆ ಮೀನು ಕೆತ್ತಿದರೆ ವರ್ಷ ವರ್ಷವೂ ಮನೆಯಲ್ಲಿ ಮಿಗುವಷ್ಟಿರಲಿ ಎಂಬ ವಾಕ್ಯವನ್ನೇ ಬರೆದಂತೆ. ಮೇ ಎಂಬ ಮರದ ಹೂಗೊಂಬೆಯ ತುದಿಯಲ್ಲಿ ಕೂತ ಮ್ಯಾಗ್‌ಪೈ ಹಕ್ಕಿ ಇನ್ನೊಂದು ವಾಕ್ಯ: ಹಕ್ಕಿಯ ಹೆಸರಿನಲ್ಲಿ ‘ಸಂತೋಷ’ ಇದೆ, ಮರದ ಹೆಸರಿಗೂ ಹುಬ್ಬಿಗೂ ಒಂದೇ ಸದ್ದು. ಸಂತೋಷ ಹುಬ್ಬಿನ ತುದಿಯವರೆಗೆ ಏರಲಿ, ಅಂದರೆ ಮುಖ ತುಂಬ ನಗುವಿರಲಿ. ಜಿಂಕೆ ‘ಲೂ’, ಸರ್ಕಾರಿ ಸಂಬಳವೂ ‘ಲೂ’. ಹೂದಾನಿ ‘ಪಿಂಗ್’, ನೆಮ್ಮದಿಯೂ ‘ಪಿಂಗ್’. ಸ್ವರದ ಏರಿಳಿತ ಬಿಟ್ಟರೆ ಇವತ್ತಿನ ಮ್ಯಾಂಡರಿನ್‌ನಲ್ಲಿರುವ ಉಚ್ಚಾರಾಂಶಗಳು ಸುಮಾರು 400 ಮಾತ್ರ. ಅಷ್ಟರಲ್ಲೇ ಇಡೀ ಭಾಷೆ ನಡೆಯಬೇಕಾದಾಗ ಒಂದೇ ಸದ್ದಿಗೆ ಹತ್ತಾರು ಅರ್ಥ ಬರುವುದು ಸಹಜ. ಬಡಗಿಗಳು ಅದನ್ನೇ ಬಂಡವಾಳ ಮಾಡಿಕೊಂಡರು.

ನಾವೂ ಇಂಥ ಆಟ ಬಲ್ಲವರೇ, ಆದರೆ ನಮ್ಮದು ಬಾಯಲ್ಲಿರುತ್ತದೆ, ಮರಕ್ಕೆ ಇಳಿಯುವುದಿಲ್ಲ. ಭತ್ತ ಅಳೆಯುವಾಗ ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎನ್ನುತ್ತೇವೆ. ದೀಪ ಆರಿಸು ಎನ್ನದೆ ದೊಡ್ಡದು ಮಾಡು ಎನ್ನುತ್ತೇವೆ. ಹೊರಡುವಾಗ ಹೋಗುತ್ತೇನೆ ಎಂದರೆ ಬೈಸಿಕೊಳ್ಳುತ್ತೇವೆ, ಹೋಗಿ ಬರುತ್ತೇನೆ ಎನ್ನಬೇಕು. ಸದ್ದಿಗೆ ಶಕ್ತಿಯಿದೆ ಎಂಬ ನಂಬಿಕೆ ಎರಡೂ ಕಡೆ ಒಂದೇ.

ಈ ವಾಕ್ಯಗಳನ್ನು ಮಂಚದ ಮೇಲೆಯೇ ಯಾಕೆ ಬರೆಯಬೇಕಾಗಿತ್ತು? ಚೀನೀ ಮಂಚ ನಾವು ತಿಳಿದಂತೆ ನಾಲ್ಕು ಕಾಲಿನ ಹಲಗೆಯಲ್ಲ, ಕೋಣೆಯೊಳಗಿನ ಇನ್ನೊಂದು ಕೋಣೆ. ನಾಲ್ಕು ಅಥವಾ ಆರು ಕಂಬ, ಮೇಲೆ ಚಪ್ಪರ, ಮೂರು ಕಡೆ ಜಾಲಂಧ್ರದ ಕಟಾಂಜನ, ಸುತ್ತ ಪರದೆ: ಇದು ಜಿಯಾಝಿ ಮಂಚ. ಇದಕ್ಕಿಂತ ದೊಡ್ಡದು ಬಾಬು ಮಂಚ. ಮರದ ಜಗಲಿಯ ಮೇಲೆ ಮಂಚ ನಿಂತಿರುತ್ತದೆ, ಅದರ ಮುಂದೆ ಒಂದು ಪುಟ್ಟ ಪಡಸಾಲೆ. ಅಲ್ಲಿ ಒಂದು ಮಣೆ, ಕನ್ನಡಿ ಪೆಟ್ಟಿಗೆ, ದೀಪ ಇಡುವಷ್ಟು ಜಾಗ. ಹಗಲು ಹೊತ್ತು ಪರದೆ ಸರಿಸಿ ಹೆಂಗಸರು ಅಲ್ಲೇ ಕೂತು ಕಸೂತಿ ಹಾಕುತ್ತಿದ್ದರು, ಬಂದ ನೆಂಟರ ಹೆಂಗಸರನ್ನೂ ಅಲ್ಲೇ ಕೂರಿಸಿ ಮಾತಾಡುತ್ತಿದ್ದರು. ಇಷ್ಟು ದೊಡ್ಡ ಸಾಮಾನಿಗೆ ಮುಖ್ಯ ಜೋಡಣೆಗಳಲ್ಲಿ ಮೊಳೆಯಿಲ್ಲ. ಗೂಟ ಮತ್ತು ತೂತಿನ ಕಚ್ಚು, ಅಷ್ಟೆ. ಬಿಡಿಬಿಡಿಯಾಗಿ ಕಳಚಿ, ಹೊತ್ತುಕೊಂಡು ಹೋಗಿ, ಇನ್ನೊಂದು ಮನೆಯಲ್ಲಿ ಮತ್ತೆ ಕೂಡಿಸಬಹುದು.

ಕಳಚುವ ಈ ಅನುಕೂಲಕ್ಕೆ ಅರ್ಥವಿದೆ, ಏಕೆಂದರೆ ಮಂಚ ಹೆಣ್ಣಿನ ಜೊತೆ ಪ್ರಯಾಣ ಮಾಡುತ್ತಿತ್ತು. ಚೀನಾದ ಹಲವು ಕಡೆ ಅದು ವಧುವಿನ ಬಳುವಳಿ. ನಿಂಗ್‌ಬೋ ಸೀಮೆಯಲ್ಲಿ ಅತಿ ವೈಭವದ ಮಂಚಕ್ಕೆ ‘ಸಾವಿರ ಆಳಿನ ಮಂಚ’ ಎಂದೇ ಹೆಸರು, ಮಾಡಲು ಅಷ್ಟು ದಿನದ ಕೂಲಿ ಹಿಡಿಯುತ್ತದೆಂದು. ಮಿಂಗ್ ಕಾಲದ ‘ಜಿನ್ ಪಿಂಗ್ ಮೇ’ ಕಾದಂಬರಿಯಲ್ಲಿ ವಿಧವೆಯೊಬ್ಬಳ ಮರುಮದುವೆಗೆ ದಲ್ಲಾಳಿ ಹೆಂಗಸು ಅವಳ ಆಸ್ತಿ ಎಣಿಸುವಾಗ ನಾನ್‌ಜಿಂಗ್‌ನ ಎರಡು ಬಾಬು ಮಂಚಗಳನ್ನು ಮರೆಯದೆ ಸೇರಿಸುತ್ತಾಳೆ. ಮುಂದೆ ಆ ಮನೆತನ ಮುಳುಗುವ ಹೊತ್ತಿಗೆ 60 ಟೇಲ್ ಬೆಳ್ಳಿಗೂ ಮಿಕ್ಕಿ ಬಾಳುತ್ತಿದ್ದ ಒಂದು ಮಂಚ 35ಕ್ಕೆ ಮಾರಾಟವಾಗಿರುತ್ತದೆ. ಮನೆಯ ಏಳುಬೀಳನ್ನು ಲೇಖಕ ಮಂಚದ ಬೆಲೆಯಲ್ಲಿ ಅಳೆದು ತೋರಿಸಿಬಿಡುತ್ತಾನೆ. ಬೇರೆ ಬೇರೆ ಊರುಗಳ ಬಾಡಿಗೆ ಮನೆ ಖಾಲಿ ಮಾಡುವಾಗ ಸಾಗವಾನಿ ಮಂಚವನ್ನು ಅರ್ಧ ಬೆಲೆಗೆ ಕೊಟ್ಟುಬಂದ ನಮ್ಮಂಥವರಿಗೆ ಆ ಭಾಗ ಬೇಗ ತಾಗುತ್ತದೆ.

ಮಂಚ ಹೂಡುವುದಕ್ಕೂ ಶಾಸ್ತ್ರವಿತ್ತು. ಚೀನೀ ಬಡಗಿಗಳ ಮೂಲಪುರುಷ ಲೂ ಬಾನ್, ನಮ್ಮ ವಿಶ್ವಕರ್ಮನ ಹಾಗೆ. ಅವನ ಹೆಸರಿನಲ್ಲಿ ಒಂದು ಅಳತೆಗೋಲಿದೆ. ಅದರಲ್ಲಿ ಎಂಟು ಮನೆಗಳು: ಸಂಪತ್ತು, ರೋಗ, ಅಗಲಿಕೆ, ಧರ್ಮ, ಅಧಿಕಾರ, ಸುಲಿಗೆ, ಕೇಡು, ಮೂಲ. ಅಳತೆ ಒಳ್ಳೆಯ ಮನೆಯಲ್ಲಿ ಬಂದು ನಿಲ್ಲಬೇಕು. ಇದನ್ನು ಓದಿದಾಗ ನನಗೆ ತಟ್ಟನೆ ನೆನಪಾದದ್ದು ನಮ್ಮ ಆಯ. ಧ್ವಜ, ಧೂಮ, ಸಿಂಹ, ಶ್ವಾನ, ವೃಷಭ, ಖರ, ಗಜ, ಕಾಕ, ಇಲ್ಲೂ ಎಂಟೇ. ಉದ್ದ ಅಗಲ ಗುಣಿಸಿ, ಎಂಟರಿಂದ ಭಾಗಿಸಿ, ಉಳಿದದ್ದು ಎಷ್ಟೆಂದು ನೋಡಿ ‘ಧ್ವಜಾಯ ಬಂತು’ ಎಂದು ಆಚಾರಿ ನಿಟ್ಟುಸಿರು ಬಿಡುವುದನ್ನು ಊರಲ್ಲಿ ಮನೆ ಕಟ್ಟಿಸಿದವರು ಕಂಡಿರುತ್ತಾರೆ. ಎಂಜಿನಿಯರಿಂಗ್ ಓದಿದವನಿಗೆ ಇದು ಶೇಷದ ಗಣಿತ. ಆಚಾರಿಗೆ ಅದು ಮನೆಯವರ ಹಣೆಬರಹ.

ಮದುವೆಗೆ ಮುಂಚೆ ಒಳ್ಳೆಯ ದಿನ ನೋಡಿ ಮಂಚ ಹೂಡುವ ಶಾಸ್ತ್ರಕ್ಕೆ ‘ಆನ್‌ಚುವಾಂಗ್’ ಎಂದು ಹೆಸರು. ಗಂಡ ಮಕ್ಕಳು ಬದುಕಿರುವ ಭಾಗ್ಯವಂತೆಯೊಬ್ಬಳು, ನಮ್ಮ ಮಾತಿನಲ್ಲಿ ಮುತ್ತೈದೆ, ಹಾಸಿಗೆ ಹಾಸುತ್ತಾಳೆ. ಒಬ್ಬ ಪುಟ್ಟ ಹುಡುಗನನ್ನು ಅದರ ಮೇಲೆ ಉರುಳಾಡಿಸುತ್ತಾರೆ. ಹಾಸಿಗೆಯ ಮೇಲೆ ಖರ್ಜೂರದಂಥ ಕೆಂಪು ಜುಜುಬೆ, ಕಡಲೆಕಾಯಿ, ಲಾಂಗನ್ ಹಣ್ಣು, ಕಮಲದ ಬೀಜ ಚೆಲ್ಲುತ್ತಾರೆ. ನಾಲ್ಕರ ಹೆಸರುಗಳಿಂದ ಒಂದೊಂದು ಸದ್ದು ತೆಗೆದು ಕೂಡಿಸಿದರೆ ‘ಝಾವ್ ಶೆಂಗ್ ಗುಯ್ ಝಿ’, ಬೇಗನೆ ಗುಣವಂತ ಮಗ ಹುಟ್ಟಲಿ. ಉಡಿ ತುಂಬುವಾಗ ಅಕ್ಕಿ, ಕೊಬ್ಬರಿ, ಅರಿಸಿನ ಕೊಂಬು, ಉತ್ತತ್ತಿ ಹಾಕುವ ಉತ್ತರ ಕರ್ನಾಟಕದ ತಾಯಂದಿರಿಗೆ ಇದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ.

ಆದರೆ ಗಮನಿಸಿ, ಹಾರೈಕೆಯೆಲ್ಲ ಮಗನಿಗೆ. ಬಿರಿದ ದಾಳಿಂಬೆಯ ಒಳಗಿನ ಬೀಜ ‘ಝಿ’, ಮಗನೂ ‘ಝಿ’. ಮಂಚದ ಪಟ್ಟಿಯ ಮೇಲೆ ಆಡುವ ನೂರು ಮಕ್ಕಳ ಚಿತ್ರವಿರುತ್ತದೆ, ನೂರೂ ಗಂಡು. ಚಿಲಿನ್ ಎಂಬ ಪುರಾಣದ ಪ್ರಾಣಿಯ ಬೆನ್ನ ಮೇಲೆ ಕೂತು ಬರುವುದೂ ಗಂಡುಮಗುವೇ. ಹದಿನಾರು ಹದಿನೇಳರ ಹುಡುಗಿ ಕಣ್ಣು ಬಿಟ್ಟರೆ ಸಾಕು, ಎಡಕ್ಕೆ ದಾಳಿಂಬೆ, ಬಲಕ್ಕೆ ಕಮಲದ ಬೀಜಕೋಶ, ತಲೆಯ ಮೇಲೆ ಚಿಲಿನ್. ಹಾರೈಕೆ ಎಂದು ನಾವು ಹೊರಗಿನಿಂದ ಓದುವುದು ಒಳಗೆ ಮಲಗಿದವಳಿಗೆ ಗಡುವಿನ ಹಾಗೆ ಕಂಡಿರಬೇಕು. ಅಷ್ಟಪುತ್ರ ಸೌಭಾಗ್ಯವತಿ ಎಂದು ಹರಸುವ ನಾಡಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈ ಮಂಚಗಳ ಸೌಂದರ್ಯದ ಬಗ್ಗೆ ಬರೆದ ಪುಸ್ತಕಗಳು ಈ ವಿಷಯದಲ್ಲಿ ಸ್ವಲ್ಪ ಮೆತ್ತಗೆ ಮಾತಾಡುತ್ತವೆ ಎಂದು ನನ್ನ ತಕರಾರು.

ಇನ್ನು ಮುಂಬಯಿಗೆ ಬರೋಣ. ಚೀನಾದ ಮರಗೆಲಸ ಈ ಊರಿಗೆ ಬಂದದ್ದು ಸೌಂದರ್ಯದ ಮೋಹದಿಂದಲ್ಲ, ಹಡಗಿನ ವ್ಯಾಪಾರದಿಂದ. 1756ರಲ್ಲಿ ಹೀರ್ಜಿ ಜೀವನ್‌ಜಿ ರೆಡಿಮನಿ ಚೀನಾಕ್ಕೆ ಹೋದ ಮೊದಲ ಪಾರ್ಸಿ ವರ್ತಕ ಎನ್ನುತ್ತಾರೆ. ಮುಂದಿನ ನೂರು ವರ್ಷ ಮುಂಬಯಿಯ ದೊಡ್ಡ ಮನೆತನಗಳು ಬೆಳೆದದ್ದು ಕ್ಯಾಂಟನ್‌ನ ದಾರಿಯಲ್ಲಿ. ಜಮ್ಷೆಡ್‌ಜಿ ಜೀಜೀಭಾಯ್ ಮೊದಲ ಸಲ ಚೀನಾಕ್ಕೆ ಹೊರಟದ್ದು 1799ರಲ್ಲಿ, ಇನ್ನೂ ಹದಿನಾರರ ಹುಡುಗ. ಅದೇ ವರ್ಷ ಶ್ರೀರಂಗಪಟ್ಟಣ ಬಿದ್ದದ್ದು. ಇವೆರಡಕ್ಕೆ ಸಂಬಂಧ ಕಟ್ಟಿದರೆ ಎಳೆದು ತಂದಂತೆ ಕಾಣಬಹುದು, ಆದರೆ ಗಂಧದ ಮರದ ಕಡೆಯಿಂದ ನೋಡಿದರೆ ಕಾಣುತ್ತದೆ. ಟಿಪ್ಪು ಗಂಧವನ್ನು ರಾಜವೃಕ್ಷ ಮಾಡಿ ಏಕಸ್ವಾಮ್ಯದಲ್ಲಿಟ್ಟಿದ್ದ. ಅವನು ಹೋದ ಮೇಲೆ ಮೈಸೂರಿನ ಗಂಧ ಕಂಪನಿಯ ವ್ಯಾಪಾರಕ್ಕೆ ಇನ್ನಷ್ಟು ಸಲೀಸಾಗಿ ಸಿಕ್ಕಿತು. ಮುಂಬಯಿಯಿಂದ ಚೀನಾಕ್ಕೆ ಹೋಗುತ್ತಿದ್ದ ಹಡಗುಗಳ ಸರಕಿನ ಪಟ್ಟಿಯಲ್ಲಿ ಹತ್ತಿ, ಕರಿಮೆಣಸು, ಶಾರ್ಕ್ ರೆಕ್ಕೆಗಳ ಜೊತೆ ಗಂಧದ ಮರ ಮತ್ತೆ ಮತ್ತೆ ಬರುತ್ತದೆ. ಕ್ಯಾಂಟನ್‌ನ ಕೆತ್ತನೆಗಾರರು ಅದರಲ್ಲಿ ಬೀಸಣಿಗೆ, ಪೆಟ್ಟಿಗೆ ಮಾಡುತ್ತಿದ್ದರು, ದೇವರ ಮುಂದೆ ಧೂಪ ಹಾಕುತ್ತಿದ್ದರು. ಚೀನಾದ ಮರಗೆಲಸ ನಮಗೆ ಬರುವ ಮೊದಲೇ ನಮ್ಮ ಮರ ಅಲ್ಲಿಗೆ ಹೋಗಿತ್ತು.

ಪಟ್ಟಿಯಲ್ಲಿ ಇನ್ನೊಂದು ಸರಕಿತ್ತು, ಅದೇ ಎಲ್ಲಕ್ಕಿಂತ ಲಾಭದ್ದು: ಮಾಳವದ ಅಫೀಮು. ಬಂಗಾಳದ ಅಫೀಮು ಕಂಪನಿಯ ಹಿಡಿತದಲ್ಲಿತ್ತು. ಮಾಳವದ್ದು ದೇಶೀ ಸಂಸ್ಥಾನಗಳ ಹೊಲಗಳಲ್ಲಿ ಬೆಳೆದು ಪಶ್ಚಿಮ ಕರಾವಳಿಯ ಬಂದರುಗಳಿಂದ ಹೋಗುತ್ತಿತ್ತು, ಅದರಲ್ಲಿ ಪಾರ್ಸಿ, ಮಾರ್ವಾಡಿ, ಗುಜರಾತಿ, ಬೊಹರಾ ವರ್ತಕರೆಲ್ಲ ಕೈ ಹಾಕಿದ್ದರು. 1805ರಲ್ಲಿ ಜಮ್ಷೆಡ್‌ಜಿ ಪ್ರಯಾಣಿಸುತ್ತಿದ್ದ ಬ್ರನ್ಸ್‌ವಿಕ್ ಹಡಗನ್ನು ಫ್ರೆಂಚರು ಹಿಡಿದರು. ಅದೇ ಹಡಗಿನಲ್ಲಿ ವೈದ್ಯನಾಗಿದ್ದವನು ವಿಲಿಯಂ ಜಾರ್ಡಿನ್. ಮುಂದೆ ಜಾರ್ಡಿನ್ ಮ್ಯಾಥಿಸನ್ ಕಂಪನಿಗೂ ಜಮ್ಷೆಡ್‌ಜಿಗೂ ನಡೆದ ವ್ಯವಹಾರಕ್ಕೆ ಬೀಜ ಬಿದ್ದದ್ದು ಈ ಸೆರೆಯಲ್ಲಿ. 1839ರಲ್ಲಿ ಚೀನೀ ಅಧಿಕಾರಿ ಲಿನ್ ಝೆಶೂ 20,000ಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ಹಿಡಿದು ಹೂಮೆನ್‌ನಲ್ಲಿ ಸುಣ್ಣ, ಉಪ್ಪು ಸೇರಿಸಿ ನೀರಲ್ಲಿ ಕರಗಿಸಿ ಕಡಲಿಗೆ ಬಿಟ್ಟಾಗ ಅದರಲ್ಲಿ ಮುಂಬಯಿ ವರ್ತಕರ ಸರಕೂ ಇತ್ತು. ನಂತರದ ಯುದ್ಧ, ಹಾಂಗ್‌ಕಾಂಗ್ ಕೈ ಬದಲಾದದ್ದು ಎಲ್ಲರಿಗೂ ಗೊತ್ತಿರುವ ಕಥೆ.

ಇಲ್ಲಿ ಮಂಚಕ್ಕೆ ಇನ್ನೊಂದು ಪಾತ್ರವಿದೆ. ಅಫೀಮು ಸೇದುವುದು ಬೀಡಿ ಸೇದಿದಂತೆ ಅಲ್ಲ. ಪಕ್ಕಕ್ಕೆ ಒರಗಿ ಮಲಗಬೇಕು, ಎದುರಿಗೆ ತಟ್ಟೆಯಲ್ಲಿ ಸಣ್ಣ ದೀಪವಿರಬೇಕು, ಉದ್ದನೆಯ ಕೊಳವೆಯ ಬಟ್ಟಲನ್ನು ಆ ದೀಪದ ಮೇಲೆ ಹಿಡಿಯಬೇಕು. ಅದಕ್ಕೆ ಬೇಕಾದದ್ದು ಅಗಲವಾದ, ಮೂರು ಕಡೆ ಗಿಡ್ಡ ಒರಗು ಇರುವ ಮಂಚ. ಚೀನಾದಲ್ಲಿ ಅಂಥದ್ದು ಮೊದಲೇ ಇತ್ತು, ‘ಲುವೋಹಾನ್’ ಮಂಚ. ಅತಿಥಿಯ ಜೊತೆ ಕೂತು ಚಹಾ ಕುಡಿಯಲು, ಮಧ್ಯಾಹ್ನ ಒಂದು ಗಳಿಗೆ ಒರಗಲು ಮಾಡಿದ ಪೀಠ. 19ನೇ ಶತಮಾನದಲ್ಲಿ ಅದರ ಮೇಲೆ ಅಫೀಮಿನ ತಟ್ಟೆ ಬಂದು ಕೂತಿತು. ಪುರಾತನ ವಸ್ತುಗಳ ಪೇಟೆಯಲ್ಲಿ ಇವತ್ತಿಗೂ ಈ ಪೀಠಗಳನ್ನು ‘ಓಪಿಯಮ್ ಬೆಡ್’ ಎಂದೇ ಮಾರುತ್ತಾರೆ, ಆ ಹೆಸರಿನಿಂದ ಬೆಲೆ ಏರುತ್ತದೆ. ಬೆನ್ನಿನ ಹಲಗೆಯ ಮೇಲೆ ಐದು ಬಾವಲಿ, ದೀರ್ಘಾಯುಷ್ಯ, ಆರೋಗ್ಯ, ಸಂಪತ್ತು. ಅದಕ್ಕೆ ಒರಗಿ ಮಲಗಿದವನು ಆ ಮೂರನ್ನೂ ಒಂದೊಂದಾಗಿ ಹೊಗೆ ಮಾಡುತ್ತಿದ್ದ. ಆ ಹೊಗೆಯ ಒಂದು ಪಾಲು ಮುಂಬಯಿ ಬಂದರಿನಿಂದ ಹೋದದ್ದು.

ಮಲಾಡ್‌ನಲ್ಲಿದ್ದುಕೊಂಡು ಪೇಟೆ ಕಡೆ ರಸ್ತೆಯಲ್ಲಿ ಹೋಗುವ ನಮಗೆಲ್ಲ ಮಾಹಿಮ್ ಕಾಸ್‌ವೇ ಗೊತ್ತು. ಬಾಂದ್ರಾ ಮತ್ತು ಮಾಹಿಮ್ ನಡುವಿನ ಆ ಒಡ್ಡನ್ನು 1845ರಲ್ಲಿ ತೆರೆದದ್ದು ಜಮ್ಷೆಡ್‌ಜಿಯ ಹೆಂಡತಿ ಆವಾಬಾಯಿ ಕೊಟ್ಟ ಹಣದಿಂದ. ಜೆ.ಜೆ. ಆಸ್ಪತ್ರೆಯೂ ಅದೇ ಮನೆತನದ್ದು, 1857ರ ಜೆ.ಜೆ. ಕಲಾಶಾಲೆಯೂ. ಚೀನಾ ವ್ಯಾಪಾರದ ಹಣವನ್ನು ಬರೀ ಪಾಪದ ಹಣ ಎಂದು ತಳ್ಳಿಹಾಕುವುದು ಸುಲಭ. ಸಿಗ್ನಲ್‌ನಲ್ಲಿ ಕಾರು ನಿಂತಾಗ ಕೆಳಗಿನ ರಸ್ತೆಯನ್ನು ತಳ್ಳಿಹಾಕುವುದು ಕಷ್ಟ.

ಹಿಂತಿರುಗುವ ಹಡಗುಗಳಲ್ಲಿ ರೇಷ್ಮೆ, ಚಹಾ, ಸಕ್ಕರೆ, ಪಿಂಗಾಣಿ ಬರುತ್ತಿತ್ತು. ಮನೆಬಳಕೆಗೆಂದು ಕರ್ಪೂರ ಮರದ ಪೆಟ್ಟಿಗೆ, ಅಮೃತಶಿಲೆ ಕೂರಿಸಿದ ಕಪ್ಪು ಮರದ ಮೇಜು ಕುರ್ಚಿ, ಕೆತ್ತಿದ ಕಪಾಟುಗಳೂ ಬಂದವು. ಹಳೆಯ ಪಾರ್ಸಿ ಮನೆಗಳಲ್ಲಿ ಇಂಥವು ಪೀಳಿಗೆಯಿಂದ ಪೀಳಿಗೆಗೆ ಇಳಿದು ಬಂದಿವೆ. ಸಾಮಾನು ಬಂತು, ಅದರ ಮೇಲಿನ ಮಾತು ಬರಲಿಲ್ಲ. ಕೊಂಡವರು ಗುಜರಾತಿ ಮಾತಾಡುವವರು, ಕೆತ್ತಿದವರು ಕ್ಯಾಂಟನೀಸ್ ಮಾತಾಡುವವರು. ಫುಕ್ ಎಂಬ ಸದ್ದು ಹಡಗು ಹತ್ತಲೇ ಇಲ್ಲ.

ಇದಕ್ಕೆ ಮಂಚಕ್ಕಿಂತ ಒಳ್ಳೆಯ ಸಾಕ್ಷಿ ಸೀರೆಯಲ್ಲಿದೆ. ಚೀನಾದಲ್ಲಿ ಕಸೂತಿ ಹಾಕಿಸಿ ತರುತ್ತಿದ್ದ ಪಾರ್ಸಿಗಳ ‘ಗಾರಾ’ ಸೀರೆಯ ಮೇಲೂ ಇದೇ ಹೂವು, ಇದೇ ಹಕ್ಕಿಗಳು. ಅವಕ್ಕೆ ಪಾರ್ಸಿ ಹೆಂಗಸರು ತಮ್ಮದೇ ಹೆಸರಿಟ್ಟರು. ದುಂಡು ದುಂಡಾದ ಚುಕ್ಕಿಗಳಿಗೆ ‘ಕಾಂದಾ ಪಪೇಟಾ’, ಈರುಳ್ಳಿ ಆಲೂಗಡ್ಡೆ. ಒಂದು ಹೂವಿಗೆ ‘ಕರೋಲಿಯಾ’, ಜೇಡ. ಜೋಡಿ ಹಕ್ಕಿಗಳಿಗೆ ‘ಚಕ್ಲಾ ಚಕ್ಲಿ’, ಗಂಡು ಹೆಣ್ಣು ಗುಬ್ಬಚ್ಚಿ. ಸೇತುವೆ, ಮಂಟಪಗಳ ನಡುವೆ ನಿಂತ ಮನುಷ್ಯರಿಗೆ ‘ಚೀನಾ ಚೀನಿ’. ನನಗೆ ಈ ಹೆಸರುಗಳು ತುಂಬ ಇಷ್ಟ. ಅರ್ಥ ಗೊತ್ತಿಲ್ಲವೆಂದು ಯಾರೂ ಸುಮ್ಮನೆ ಕೂರಲಿಲ್ಲ, ಅಡುಗೆಮನೆಯಿಂದ, ಅಂಗಳದಿಂದ ಹೆಸರು ತಂದು ಅಂಟಿಸಿದರು. ಆದರೆ ಚೀನೀ ಹೊಲಿಗೆಯವನು ಬರೆದ ವಾಕ್ಯ ಅಲ್ಲಿಗೆ ಮುಗಿಯಿತು ಎಂಬುದೂ ನಿಜ.

ಒಂದು ಗುರುತು ಮಾತ್ರ ಉಲ್ಟಾ ಪ್ರಯಾಣ ಮಾಡಿದೆ. ಚೀನೀ ಮಂಚದ ಜಾಲಂಧ್ರದಲ್ಲಿ ಸ್ವಸ್ತಿಕಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಕೊನೆಯಿಲ್ಲದ ಬಲೆಯಂತೆ ಹಬ್ಬಿರುತ್ತವೆ. ನೋಡಿದ ಯಾವ ಭಾರತೀಯನೂ ‘ಓ, ಇದು ನಮ್ಮದು’ ಎನ್ನುತ್ತಾನೆ. ತಪ್ಪೇನಲ್ಲ, ಬೌದ್ಧರ ಜೊತೆ ಇಲ್ಲಿಂದ ಹೋದ ಮಂಗಳಚಿಹ್ನೆ ಅದು. ಆದರೆ ಕ್ರಿ.ಶ. 693ರಲ್ಲಿ ಸಾಮ್ರಾಜ್ಞಿ ವೂ ಝೆತಿಯನ್ ಅದನ್ನು ‘ವಾನ್’ ಎಂದು ಓದಬೇಕೆಂದು ಆಜ್ಞೆ ಮಾಡಿದಳು. ವಾನ್ ಎಂದರೆ ಹತ್ತು ಸಾವಿರ. ಅಲ್ಲಿಂದ ಅದು ಅವರ ಬಡಗಿಗೆ ಸಂಖ್ಯೆ: ಬಾವಲಿಯ ಪಕ್ಕ ಕೆತ್ತಿದರೆ ಹತ್ತು ಸಾವಿರ ಭಾಗ್ಯ. ನಮ್ಮ ಕಣ್ಣಿಗೆ ನಮ್ಮದಾಗಿ ಕಾಣುವುದು ಅವರ ಕಿವಿಗೆ ಬೇರೆಯೇ ಕೇಳುತ್ತದೆ.

ಮುಂಬಯಿಯಲ್ಲಿ ಚೀನೀ ಸಾಮಾನೆಂದು ತೋರಿಸುವ ಎಲ್ಲವೂ ಚೀನಾದ್ದಲ್ಲ. 19ನೇ ಶತಮಾನದಲ್ಲಿ ಕೋಟೆ ಪ್ರದೇಶದ ಮೆಡೋಸ್ ಸ್ಟ್ರೀಟ್‌ನಲ್ಲಿ, ಅಂದರೆ ಈಗಿನ ನಗೀನ್‌ದಾಸ್ ಮಾಸ್ಟರ್ ರಸ್ತೆಯಲ್ಲಿ, ಕಪ್ಪು ಮರದ ಕೆತ್ತನೆಗಾರರ ಅಂಗಡಿಗಳಿದ್ದವು. ಅವರು ಮಾಡುತ್ತಿದ್ದ ಸೋಫಾ, ಮೇಜು, ಮಂಚಗಳಿಗೆ ‘ಬಾಂಬೆ ಬ್ಲ್ಯಾಕ್‌ವುಡ್’ ಎಂದು ಹೆಸರು. ಆ ಕಪ್ಪು ಮರ ಬೇರೇನೂ ಅಲ್ಲ, ನಮ್ಮ ಬೀಟೆ. ಪಶ್ಚಿಮ ಘಟ್ಟದ ಕಾಡಿನಿಂದ, ಮಲಬಾರ್ ಕೆನರಾ ಕರಾವಳಿಯಿಂದ ಮುಂಬಯಿಗೆ ಬರುತ್ತಿದ್ದ ದಿಮ್ಮಿ. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿಯಿಂದ ಕಳಚಿ ಬಾಂಬೆ ಪ್ರೆಸಿಡೆನ್ಸಿಗೆ ಸೇರಿತು. ಅಲ್ಲಿಂದಾಚೆ ಜಿಲ್ಲೆಯ ಕಾಡೂ ಬಂದರೂ ಆಡಳಿತದ ಲೆಕ್ಕದಲ್ಲಿ ಈ ಊರಿನದೇ. ಕರಾವಳಿಯ ಜನ ಕೆಲಸ ಹುಡುಕಿಕೊಂಡು ಮುಂಬಯಿ ಹಡಗು ಹತ್ತಿದ ದಾರಿಯೂ ಬೀಟೆಯ ದಿಮ್ಮಿ ಬಂದ ದಾರಿಯೂ ಒಂದೇ ಕಡಲು.

ಈ ಮುಂಬಯಿ ಕೆತ್ತನೆಯನ್ನು ಮೊದಲ ನೋಟಕ್ಕೆ ಚೀನೀ ಎಂದುಕೊಳ್ಳುವವರಿದ್ದಾರೆ. ಅದೇ ಕಪ್ಪು, ಅದೇ ತೂಕ, ಅದೇ ಆರುಪಾರು ಕೊರೆದ ಕೆಲಸ. ಹತ್ತಿರ ಹೋಗಿ ಓದಲು ನೋಡಬೇಕು. ಮುಂಬಯಿಯದ್ದು ಎಲೆ, ಬಳ್ಳಿ, ಗೊಂಚಲು, ನಡುವೆ ಹಕ್ಕಿ, ಪ್ರಾಣಿ, ಇಂಗ್ಲಿಷ್ ದಿವಾನಖಾನೆಗೆ ಒಪ್ಪುವ ಆಕಾರ. ಜಾಗ ತುಂಬಲು ಎಲೆ ಬಂದಿರುತ್ತದೆ, ಹೇಳಲು ಅಲ್ಲ. ಚೀನೀ ಕೆತ್ತನೆಯಲ್ಲಿ ಯಾವ ಹಕ್ಕಿ ಯಾವ ಮರದ ಮೇಲೆ ಕೂತಿದೆ ಎಂಬುದು ಬದಲಾದರೆ ವಾಕ್ಯವೇ ಕೆಡುತ್ತದೆ. ಭಾರತದ ಕರಕುಶಲ ಕಲೆಗಳ ಮೇಲೆ 1880ರಲ್ಲಿ ದೊಡ್ಡ ಪುಸ್ತಕ ಬರೆದ ಜಾರ್ಜ್ ಬರ್ಡ್‌ವುಡ್ ಹುಟ್ಟಿದ್ದು ಬೆಳಗಾವಿಯಲ್ಲಿ, ಕೆಲಸ ಮಾಡಿದ್ದು ಮುಂಬಯಿಯಲ್ಲಿ, ಈಗ ಭಾವೂ ದಾಜಿ ಲಾಡ್ ಹೆಸರಿನಲ್ಲಿರುವ ಬೈಕುಲ್ಲಾದ ವಸ್ತುಸಂಗ್ರಹಾಲಯವನ್ನು ಕಟ್ಟಿದವರಲ್ಲಿ ಒಬ್ಬ. ಭಾರತೀಯ ಕೈಗೆಲಸ ಯುರೋಪಿನ ಅಭಿರುಚಿಗೆ ಬಗ್ಗಿ ಕೆಡುತ್ತಿದೆ ಎಂಬ ಕೊರಗು ಅವನ ಬರವಣಿಗೆಯ ಉದ್ದಕ್ಕೂ ಇದೆ. ಬಾಂಬೆ ಬ್ಲ್ಯಾಕ್‌ವುಡ್‌ನ ಮಟ್ಟಿಗೆ ಅವನ ಕೊರಗನ್ನು ನಾನು ಅರ್ಧ ಒಪ್ಪುತ್ತೇನೆ. ಕೈಚಳಕಕ್ಕೆ ಕೊರತೆಯಿಲ್ಲ. ಆ ಕೈಗೆ ತನ್ನದೇ ಆದ ಮಾತು ಕೊಡುವ ಗಿರಾಕಿ ಸಿಗಲಿಲ್ಲ.

ಬೀಟೆಯ ಕಥೆ ಅಲ್ಲಿಗೆ ನಿಂತಿಲ್ಲ. ಗುಲಾಬಿಮರದ ಜಾತಿಗಳಿಗೆಲ್ಲ, ಅಂದರೆ ಇಡೀ ಡಾಲ್ಬರ್ಜಿಯಾ ಕುಲಕ್ಕೆ, 2017ರಿಂದ ಅಂತಾರಾಷ್ಟ್ರೀಯ ವ್ಯಾಪಾರದ ಕಟ್ಟುಪಾಡು ಬಿದ್ದಿದೆ. ಅದಕ್ಕೆ ಮುಖ್ಯ ಕಾರಣ ಚೀನಾದ ಹೊಸ ಶ್ರೀಮಂತರಿಗೆ ಬೇಕಾದ ‘ಹೊಂಗ್‌ಮು’, ಕೆಂಪು ಮರದ ಹಳೇ ಶೈಲಿಯ ಪೀಠೋಪಕರಣ.

ಹಳೆಯ ಸಾಮಾನು ನೋಡಬೇಕೆಂದರೆ ಮಲಾಡ್‌ನವರು ಚೋರ್ ಬಜಾರ್‌ನ ಮಟನ್ ಸ್ಟ್ರೀಟ್‌ವರೆಗೆ ಹೋಗಬೇಕಿಲ್ಲ. ಲೋಕಲ್‌ನಲ್ಲಿ ಮೂರು ನಿಲ್ದಾಣ, ಗೋರೆಗಾಂವ್, ರಾಮ್ ಮಂದಿರ, ಜೋಗೇಶ್ವರಿ. ಅಲ್ಲಿಂದ ಓಶಿವಾರಾ ಕಡೆ ನಡೆದರೆ ಸಾಲು ಸಾಲು ಮರದ ಸಾಮಾನಿನ ಅಂಗಡಿಗಳು. ಹಳೆಯದು, ಹಳೆಯದರಂತೆ ಮಾಡಿದ್ದು, ಮೂರು ಹಳೆಯದನ್ನು ಕೂಡಿಸಿ ಒಂದು ಮಾಡಿದ್ದು, ಎಲ್ಲ ಒಂದೇ ಧೂಳಿನಲ್ಲಿ ನಿಂತಿರುತ್ತವೆ. 1972ರ ಪುರಾತನ ವಸ್ತುಗಳ ಕಾನೂನಿನ ಪ್ರಕಾರ ನೂರು ವರ್ಷ ದಾಟಿದ ಕೆತ್ತನೆ ಪುರಾತನ ವಸ್ತು, ಮಾರಲು ಪರವಾನಗಿ ಬೇಕು, ದೇಶದಿಂದ ಆಚೆ ಒಯ್ಯುವ ಹಾಗಿಲ್ಲ. ಅಂಗಡಿಯವರು ಗಿರಾಕಿಗೆ ನೂರಿಪ್ಪತ್ತು ವರ್ಷ ಎಂದೂ ಸರ್ಕಾರಕ್ಕೆ ತೊಂಬತ್ತು ಎಂದೂ ಹೇಳಿದರೆ ನಾನು ಆಶ್ಚರ್ಯಪಡುವುದಿಲ್ಲ.

ಒಂದು ಭಾನುವಾರ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ಒಂದು ಅಂಗಡಿಯಲ್ಲಿ ಉದ್ದನೆಯ ಕನ್ನಡಿಗೆ ಹಾಕಿದ್ದ ಚೌಕಟ್ಟು ಕಂಡಿತು. ನೋಡಿದೊಡನೆ ಗೊತ್ತಾಯಿತು, ಮಂಚವೊಂದರ ಮುಂಭಾಗದ ಪಟ್ಟಿಗಳನ್ನು ಗರಗಸ ಹಾಕಿ ಕತ್ತರಿಸಿ ಮಾಡಿದ್ದು. ಹಳೆಯ ಚೀನೀ ಮಂಚಗಳಿಗೆ ಸಾಮಾನ್ಯವಾಗಿ ಹೀಗೇ ಆಗುತ್ತದೆ. ಇಡೀ ಮಂಚಕ್ಕೆ ಯಾರ ಫ್ಲ್ಯಾಟ್‌ನಲ್ಲೂ ಜಾಗವಿಲ್ಲ, ಬಿಡಿ ಪಟ್ಟಿಗಳಿಗೆ ಗೋಡೆಗಳಿವೆ, ಹೋಟೆಲ್‌ಗಳಿವೆ. ಕೆಳಗೆ ಬಿರಿದ ದಾಳಿಂಬೆ, ಬದಿಯಲ್ಲಿ ಸ್ವಸ್ತಿಕದ ಬಲೆ, ಮೇಲೆ ಎರಡು ಬಾವಲಿ, ಮೂರನೆಯದು ಅರ್ಧಕ್ಕೆ ಕತ್ತರಿಸಿಹೋಗಿತ್ತು. ಅಂಗಡಿಯವನು ಬಟ್ಟೆಯಿಂದ ಒರೆಸುತ್ತ ‘ತಿತ್ಲಿಯಾಂ ದೇಖಿಯೇ’ ಎಂದ. ಚಿಟ್ಟೆಗಳು. ಚೀನೀ ಬಾವಲಿಯ ರೆಕ್ಕೆಯ ಸುರುಳಿ ನೋಡಿದರೆ ಹಾಗೆ ಅನ್ನಿಸುವುದೂ ಸಹಜವೇ. ಅವನ ಬಾಯಲ್ಲಿ ಬಾವಲಿ ಎಂದು ಬಂದಿದ್ದರೆ ಆ ಕನ್ನಡಿಯನ್ನು ಈ ಊರಿನಲ್ಲಿ ಯಾರೂ ಮಲಗುವ ಕೋಣೆಗೆ ಒಯ್ಯುತ್ತಿರಲಿಲ್ಲ.

ಮಗಳಿಗೆ ಫೂ ಮತ್ತು ಫೂ ಬಗ್ಗೆ ಹೇಳಿದೆ. ದಾರಿಯಲ್ಲಿ ಅವಳು ಕೇಳಿದ್ದು ಬಾವಲಿಯ ಬಗ್ಗೆ ಅಲ್ಲ. ‘ನಾವು ಹೋಗಿ ಬರ್ತೀನಿ ಅಂತ ಯಾಕೆ ಹೇಳ್ತೀವಿ, ಮತ್ತೆ ಬರಲ್ಲ ಅಂತ ಗೊತ್ತಿದ್ರೂ?’ ಅವಳು ಅದನ್ನು ಪ್ರತಿ ರಜೆಯಲ್ಲೂ ಊರಿನಿಂದ ಹೊರಡುವಾಗ ಹೇಳುತ್ತಾಳೆ. ಗೆಳತಿಯರ ಜೊತೆ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಮತ್ತು ಮರಾಠಿ, ಅವಳ ಕನ್ನಡದ ಬಹುಪಾಲು ಇಂಥ ಇಡಿಯಾದ ವಾಕ್ಯಗಳಲ್ಲಿದೆ. ಜೋಗೇಶ್ವರಿಯಿಂದ ಮಲಾಡ್‌ವರೆಗಿನ ಗದ್ದಲದಲ್ಲಿ ಆದಷ್ಟು ವಿವರಿಸಿದೆ.

ಹಾಗಾದರೆ ಈ ಕೆತ್ತನೆಗಳನ್ನು ಓದಬಲ್ಲವರು ಮುಂಬಯಿಯಲ್ಲಿ ಯಾರೂ ಇರಲಿಲ್ಲವೇ? ಇದ್ದರು. ಮಜಗಾಂವ್‌ನ ನವಾಬ್ ಟ್ಯಾಂಕ್ ರಸ್ತೆಯಲ್ಲಿ, ಡಾಕ್‌ಯಾರ್ಡ್ ರೋಡ್ ನಿಲ್ದಾಣದಿಂದ ನಡೆದುಹೋಗುವಷ್ಟು ದೂರದಲ್ಲಿ, ಒಂದು ಹಳೆಯ ಕಟ್ಟಡದಲ್ಲಿ ಸೀ ಯಪ್ ದೇವಸ್ಥಾನವಿದೆ. 1919ರದ್ದು. ಸೀ ಯಪ್ ಎಂದರೆ ನಾಲ್ಕು ಸೀಮೆ, ಕ್ಯಾಂಟನ್ ಪ್ರಾಂತದ ನಾಲ್ಕು ತಾಲೂಕುಗಳು. ಅಲ್ಲಿಂದ ಹಡಗಿನ ಕೆಲಸಕ್ಕೆಂದು ಬಂದು ಬಂದರಿನ ಪಕ್ಕ ನೆಲೆಸಿದವರು ಕಟ್ಟಿಕೊಂಡದ್ದು. ಊರಿನ ಹೆಸರಿನಲ್ಲಿ ಸಂಘ, ಸಂಘಕ್ಕೊಂದು ಮಹಡಿ, ಮಹಡಿಯಲ್ಲೊಂದು ದೇವರು. ಮುಂಬಯಿಯ ಕನ್ನಡಿಗರಿಗೂ ತುಳುವರಿಗೂ ಈ ಏರ್ಪಾಡು ಚೆನ್ನಾಗಿ ಗೊತ್ತು. ಒಳಗೆ ಯುದ್ಧ ಮತ್ತು ನಿಷ್ಠೆಯ ದೇವರು ಗುವಾನ್ ಗೊಂಗ್. ಗುಜರಾತಿ ಮನೆಗಳಲ್ಲಿದ್ದ ಕ್ಯಾಂಟನ್ ಮೇಜಿನ ಮೇಲಿನ ಬಾವಲಿಯನ್ನು ಫುಕ್ ಎಂದು ಕೂಗಬಲ್ಲ ಕಿವಿ ಮತ್ತು ನಾಲಿಗೆ ಇದ್ದದ್ದು ಈ ಜನಕ್ಕೆ.

1962ರ ಯುದ್ಧ ಬಂತು. ದೇಶದ ಸುಮಾರು 3,000 ಚೀನೀ ಮೂಲದವರನ್ನು, ಹೆಚ್ಚಿನವರು ಅಸ್ಸಾಂ ಬಂಗಾಳದ ಕಡೆಯವರು, ರಾಜಸ್ಥಾನದ ದೇವಲಿಯ ಶಿಬಿರದಲ್ಲಿ ಕೂಡಿಹಾಕಿದರು. ಇಲ್ಲೇ ಹುಟ್ಟಿದ ಮಕ್ಕಳೂ ಅದರಲ್ಲಿದ್ದರು. ಮುಂಬಯಿಯ ಚೀನೀಯರು ಅನುಮಾನದ ಕಣ್ಣಿನಡಿ ಬದುಕಬೇಕಾಯಿತು, ಹಲವರು ಹೊರದೇಶಗಳಿಗೆ ಹೋದರು. ಉಳಿದವು ಕೆಲವು ಮನೆಗಳು, ದಂತವೈದ್ಯರು, ಹೋಟೆಲಿನವರು, ಕೇಶಾಲಂಕಾರದವರು. ಆ ಹೊತ್ತಿಗೆ ಪೇಟೆಯ ಬಂಗಲೆಗಳಲ್ಲಿದ್ದ ಚೀನೀ ಸಾಮಾನಿಗೆ ಯಾರೂ ಏನೂ ಕೇಳಲಿಲ್ಲ. ಅದು ಪುರಾತನ ವಸ್ತು.

ಫೋರ್ಟ್‌ನ ದೊಡ್ಡ ವಸ್ತುಸಂಗ್ರಹಾಲಯದಲ್ಲಿ, ನಾವು ಈಗಲೂ ಪ್ರಿನ್ಸ್ ಆಫ್ ವೇಲ್ಸ್ ಎನ್ನುವ ಕಟ್ಟಡದಲ್ಲಿ, ಟಾಟಾ ಸಹೋದರರು ಕೂಡಿಸಿದ ಚೀನೀ ವಸ್ತುಗಳಿವೆ. ಆ ಕಟ್ಟಡದ ಗೋಡೆಗೆ ಬಳಸಿದ ಹಳದಿ ಕಲ್ಲಿನ ಹೆಸರು ಮಲಾಡ್ ಕಲ್ಲು, ಹೋದಾಗ ಮುಟ್ಟಿ ನೋಡಿ. ಮಜಗಾಂವ್‌ಗೆ ಹೋಗುವುದಾದರೆ ಚೀನೀ ಹೊಸ ವರ್ಷದ ದಿನ ಹೋಗಿ, ಜನವರಿ ಕೊನೆಗೋ ಫೆಬ್ರವರಿಯಲ್ಲೋ ಬರುತ್ತದೆ. ಅವತ್ತು ಹಳೆಯ ಮನೆತನಗಳವರು ಬರುತ್ತಾರೆ, ಹೊರಗಿನವರಿಗೂ ಬಾಗಿಲು ತೆರೆದಿರುತ್ತದೆ. ಕಿರಿದಾದ ಮೆಟ್ಟಿಲು, ಮೇಲೆ ಊದುಬತ್ತಿಯ ಹೊಗೆ, ಕೆಂಪು ಕಾಗದದ ಮೇಲೆ ಬರೆದ ಹಾರೈಕೆಗಳು. ಯಾರಾದರೂ ಹಿರಿಯರು ಸಿಕ್ಕರೆ ಒಂದನ್ನು ಗಟ್ಟಿಯಾಗಿ ಓದಿ ಎಂದು ಕೇಳಿ.